ಓಗೊಡಲು ಮೂರು ತಂತಿ

ನಮ್ಮೂರಲ್ಲಿ ರೇಡಿಯೋ ಕೇಳಬೇಕೆಂದರೆ ಅದರಿಂದ ನಲವತ್ತು ಹೆಜ್ಜೆ ದೂರ ಹೋಗಿ ನಿಲ್ಲಬೇಕು. ಮೂವತ್ತೊಂಬತ್ತಕ್ಕೇ ನಿಂತರೆ ಅದು ಬಾಯಿ ಬಿಡುವುದಿಲ್ಲ. ಆಡು ಬಂದು ಮೈ ತಿಕ್ಕಿದರೂ ಅದು ತನ್ನ ಪಾಡಿಗೆ ಹಾಡುತ್ತಿರುತ್ತದೆ, ಕಾಗೆ ನೆತ್ತಿಯ ಮೇಲೆ ಕೂತರೂ ವಾರ್ತೆ ಓದುತ್ತಿರುತ್ತದೆ. ಮನುಷ್ಯ ಹತ್ತಿರ ಸುಳಿದನೋ, ಮಾವ ಒಳಗೆ ಬಂದಾಗ ಸೊಸೆ ಸುಮ್ಮನಾಗುವ ಹಾಗೆ ಸುಮ್ಮನಾಗಿಬಿಡುತ್ತದೆ. ಅಜ್ಜಂದಿರ ಕಾಲದಿಂದಲೂ ಇದು ಹೀಗೇ. ಒಬ್ಬರ ಮನೆಯಲ್ಲಿ ವಾರ್ತೆ ಬರಬೇಕೆಂದರೆ ಸುತ್ತಲಿನ ಎಂಟು ಮನೆಯವರು ಎದ್ದು ಹೊರಗೆ ಬರಬೇಕು. ಒಮ್ಮೆ ಕಂಬಾರ ಓಣಿಯಲ್ಲಿ ಒಬ್ಬ ಕಾಲು ಮುರಿದುಕೊಂಡು ಮಲಗಿದ್ದಕ್ಕೆ ಇಡೀ ಓಣಿಗೆ ಒಂದು ತಿಂಗಳು ವಾರ್ತೆಯಿರಲಿಲ್ಲ. ಕೊನೆಗೆ ಓಣಿಯವರೇ ಅವನನ್ನು ಮಂಚದ ಸಮೇತ ಎತ್ತಿ ದೂರ ಇಡತೊಡಗಿದರು. ಅವನಿಗೂ ಗಾಳಿ ಸಿಕ್ಕಿತು, ಇವರಿಗೂ ಪೇಟೆಯ ಧಾರಣೆ ಸಿಕ್ಕಿತು.

ನಾನು ಈ ಊರಿನ ಟೈಪಿಂಗ್ ಮಾಸ್ತರ. ಹೆಸರು ಚನ್ನವೀರ, ಆದರೆ ನನ್ನವ್ವ ತೀರಿಕೊಂಡ ಮೇಲೆ ಹಾಗೆ ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರಿಗೂ ನಾನು ಮಾಸ್ತರ. ನಿಮಿಷಕ್ಕೆ ಎಪ್ಪತ್ತು ಶಬ್ದ ಹೊಡೆಯುತ್ತೇನೆ, ಒಂದೂ ತಪ್ಪಿಲ್ಲದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಯಾಕೆಂದರೆ ಆ ವೇಗದಲ್ಲಿ ಹೊಡೆಯುವಂಥ ಅವಸರದ ಮಾತು ಈ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಆರು ಟೈಪ್‌ರೈಟರುಗಳ ಜೊತೆ ಒಂದು ಹಳೆಯ ಕಂಪ್ಯೂಟರನ್ನೂ ತಂದಿಟ್ಟಿದ್ದೆ. ಅದರ ಮೇಲೆ ಬಟ್ಟೆ ಹೊದಿಸಿ, ದಿನಾ ಒರೆಸಿ, ಯಾರಿಗೂ ಮುಟ್ಟಗೊಡದೆ ಕಾಯುತ್ತಿದ್ದೆ.

ಹಿಂದೆ ಯಾವುದೋ ಕಾಲದಲ್ಲಿ ಹವಾಮಾನದ ಇಲಾಖೆಯವರು ಬಂದು ಊರಾಚೆಯ ಚಪ್ಪಟೆ ಬಂಡೆಯ ಮೇಲೆ ಒಂದು ಚಿಕ್ಕ ಖೋಲಿ ಕಟ್ಟಿ, ಕಂಬ ನೆಟ್ಟು, ಕೇಳುವುದಕ್ಕೂ ಮಾತಾಡುವುದಕ್ಕೂ ಬರುವಂಥ ಒಂದು ದೊಡ್ಡ ರೇಡಿಯೋ ಸೆಟ್ಟು ಇಟ್ಟಿದ್ದರು. ಮೈಕು ಹಿಡಿದು ಕೂತರೆ ಅದು ಉಸಿರೇ ಆಡಲಿಲ್ಲ. ಹದಿನೈದು ದಿನ ಅದರ ಜೊತೆ ಗುದ್ದಾಡಿ, ಸೆಟ್ಟನ್ನೂ ಅದರ ಪುಸ್ತಕವನ್ನೂ ಅಲ್ಲೇ ಬಿಟ್ಟು, ನಮ್ಮೂರನ್ನು ಯಾವ ನಕ್ಷೆಯಲ್ಲೂ ಹಾಕದೆ ಹೊರಟುಹೋದರು. ಊರವರು ಖೋಲಿಯ ಸೂರಿಗೊಂದು ಲೌಡ್‌ಸ್ಪೀಕರ್ ಕಟ್ಟಿ ಅದನ್ನೇ ಊರ ರೇಡಿಯೋ ಮಾಡಿಕೊಂಡರು. ಬಂಡೆಯ ಸುತ್ತ ನಲವತ್ತು ಹೆಜ್ಜೆಗೆ ಸುಣ್ಣದ ಗೆರೆ ಎಳೆದರು. ಸಂಜೆಯಾದರೆ ಗೆರೆಯ ಮೇಲೆ ಚಾಪೆ ಹಾಸಿಕೊಂಡು, ದೊಡ್ಡ ಪಂಕ್ತಿ ಊಟಕ್ಕೆ ಕೂತವರ ಹಾಗೆ ದುಂಡಗೆ ಕೂರುವುದು ನಮ್ಮಲ್ಲಿ ರೂಢಿ.

ಹನ್ನೊಂದು ವರ್ಷದ ಹಿಂದೆ ಒಂದು ಆಡು ಖೋಲಿಯೊಳಗೆ ನುಗ್ಗಿ ಸೆಟ್ಟಿನ ಗುಂಡಿಗೆ ಕತ್ತು ತಿಕ್ಕಿತು. ಕೇಳುತ್ತಿದ್ದ ಹಾಡು ಹೋಯಿತು. ಅದರ ಜಾಗದಲ್ಲಿ ಒಬ್ಬ ಮನುಷ್ಯನ ಧ್ವನಿ ಬಂತು. "ನಾನು ಸುಬ್ರಾಯ ತಾಂಡೇಲ. ಹೊಳೆ ಸಮುದ್ರ ಸೇರುವಲ್ಲಿ ನೀರಿನ ಮಟ್ಟ ಅಳೆಯುವವ. ಯಾರಾದರೂ ಇದ್ದೀರಾ? ಇದ್ದರೆ ಓಗೊಡಿ." ಅಷ್ಟು ಹೇಳಿ ಅವನು ಸುಮ್ಮನೆ ಕಾದ. ಗೆರೆಯ ಮೇಲಿದ್ದ ನಮ್ಮವರು ಒಬ್ಬರ ಮುಖ ಒಬ್ಬರು ನೋಡಿದರು. ರೇಡಿಯೋದವರು ಹೇಳುವುದನ್ನು ಕೇಳಿ ಗೊತ್ತಿತ್ತೇ ಹೊರತು, ರೇಡಿಯೋದವರು ಕರೆದದ್ದನ್ನು ನಾವು ಕಂಡಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಐದಕ್ಕೆ ಅವನು ಬರುತ್ತಿದ್ದ, ಕಾಲು ಗಂಟೆ ಇರುತ್ತಿದ್ದ. ಕರೆಯುತ್ತಿದ್ದ, ಕಾಯುತ್ತಿದ್ದ, ಯಾರೂ ಇಲ್ಲವೆಂದು ತಿಳಿದು ತನ್ನಷ್ಟಕ್ಕೇ ನಾಲ್ಕು ಮಾತಾಡುತ್ತಿದ್ದ. ಇವತ್ತು ಉಬ್ಬರ ಎಷ್ಟು ಬಂತು, ಮೊಣಕಾಲು ನೋವು ಹೇಗಿದೆ, ಬಂಗುಡೆ ಎಂಬ ಅವನ ಬೆಕ್ಕು ಎಷ್ಟು ಮರಿ ಹಾಕಿತು. ಕೊನೆಗೆ, ತಾನು ಹಿಂದೆ ತಾರಾಫೀಸಿನಲ್ಲಿ ಟೆಲಿಗ್ರಾಂ ಕಳಿಸುತ್ತಿದ್ದವ ಎಂದು ನೆನಪಿಸುವಂತೆ, ತನ್ನ ಹೆಸರನ್ನು ತಾರಿನ ಕೀಲಿಯಲ್ಲಿ ಟಿಕ್ಕು ಟಿಕ್ಕು ಎಂದು ಕುಟ್ಟಿ ಮುಗಿಸುತ್ತಿದ್ದ. ಸಮುದ್ರ ಕಂಡವರು ನಮ್ಮಲ್ಲಿ ಒಬ್ಬರೂ ಇಲ್ಲ. ಆದರೆ ಅದು ದಿನಕ್ಕೆರಡು ಬಾರಿ ಏರಿ ಇಳಿಯುತ್ತದೆಂದು ಊರಿನ ಎಲ್ಲರಿಗೂ ಗೊತ್ತಾಯಿತು. ಖೋಲಿಗೆ ಬೀಗ ಬಿತ್ತು. ಯಾರಾದರೂ ಗುಂಡಿ ಮುಟ್ಟಿದರೆ ಮನುಷ್ಯ ಕಳೆದುಹೋದಾನು ಎಂಬ ಭಯ. ಬಂಗುಡೆಗೆ ಹುಷಾರಿಲ್ಲದಾಗ ಊರಲ್ಲಿ ಹರಕೆ ಹೊತ್ತವರೂ ಇದ್ದರು. ಇವೆಲ್ಲ ಹುಚ್ಚು ಎಂದು ನಾನು ಎಲ್ಲರೆದುರು ಹೇಳುತ್ತಿದ್ದೆ. ಹೇಳುತ್ತಲೇ ಐದು ಗಂಟೆಗೆ ಸರಿಯಾಗಿ ಕ್ಲಾಸು ಬಿಡುತ್ತಿದ್ದೆ.

ಬೀಗದ ಕೈ ಇದ್ದದ್ದು ಅಂಬಕ್ಕನ ಹತ್ತಿರ. ಅಂಬಕ್ಕ ಕೌದಿ ಹೊಲಿಯುವವಳು. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ, ಮಾತು ಕಡಿಮೆ. ದಿನಾ ಐದಕ್ಕೆ ಗೆರೆಯ ಮೇಲೆ ಅವಳ ಜಾಗ ಅವಳಿಗೇ. ಹಳೆಯ ಸೀರೆಯ ತುಂಡುಗಳನ್ನು ತೊಡೆಯ ಮೇಲೆ ಹರಡಿಕೊಂಡು ಸೂಜಿ ಓಡಿಸುತ್ತ ಕೂರುತ್ತಿದ್ದಳು. ಸುಬ್ರಾಯ "ಯಾರಾದರೂ ಇದ್ದೀರಾ" ಅಂದಾಗ ಸೂಜಿ ನಿಲ್ಲಿಸಿ, ಬಂಡೆಯ ಕಡೆ ಮುಖ ಎತ್ತಿ, "ಓ, ಅದೀವ್ರಿ" ಎನ್ನುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದ್ದಿಲ್ಲ. ಒಮ್ಮೆ ನಾನು ಚೇಷ್ಟೆ ಮಾಡಿದ್ದುಂಟು. "ಅಂಬಕ್ಕ, ನಿನ್ನ ಓ ಗೆರಿ ದಾಟಿ ಬಂಡಿಗೂ ಮುಟ್ಟೂದಿಲ್ಲ, ಸಮುದ್ರಕ್ಕ ಹೆಂಗ ಮುಟ್ಟಬೇಕು?" ಅವಳು ಸಿಟ್ಟಾಗಲಿಲ್ಲ. "ಮುಟ್ಟೂದು ಬಿಡೂದು ಅದರ ಕೆಲಸರಿ. ಕರದವರಿಗೆ ಓ ಅನ್ನೂದು ನಮ್ಮ ಕೆಲಸ" ಅಂದಳು.

ಆ ಶುಕ್ರವಾರ ಸುಬ್ರಾಯನ ಧ್ವನಿ ದಣಿದಿತ್ತು. ಕರೆದ, ಕಾದ, ಅಂಬಕ್ಕ ಓ ಅಂದಳು. ಆಮೇಲೆ ಅವನು ಹೇಳಿದ: "ಹನ್ನೊಂದು ವರ್ಷ ಆಯ್ತು. ಒಬ್ಬರೂ ಮಾತಾಡ್ಲಿಲ್ಲ. ಖಾಲಿ ಹಂಡೆ ಒಳಗೆ ತಲೆ ಹಾಕಿ ಕೂಗಿದ ಹಾಗೆ ಆಗ್ತದೆ. ಈ ವಯಸ್ಸಿಗೆ ಕಂಬ ಹತ್ತಿ ತಂತಿ ಸರಿಮಾಡುದು ನನ್ನಿಂದ ಆಗುದಿಲ್ಲ. ಬರುವ ಶುಕ್ರವಾರ ಕಡೆಯ ಸಲ ಕರೀತೇನೆ. ಶನಿವಾರ ಕಂಬ ಇಳಿಸ್ತೇನೆ." ಹೆಸರು ಕುಟ್ಟಿ ಮುಗಿಸಿದ. ಗೆರೆಯ ಮೇಲೆ ಯಾರೂ ಏಳಲಿಲ್ಲ. ಅಂಬಕ್ಕನ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತ್ತು. ಅವಳು ಅಳುತ್ತಿದ್ದಳೆಂದು ಹೇಳುವುದಿಲ್ಲ, ಆದರೆ ಆ ಮುಖ ನೋಡಲು ನನಗಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಅವಳು ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲಿದ್ದಳು. ಜೊತೆಗೆ ದಾವಲಸಾಬನನ್ನೂ ಎಬ್ಬಿಸಿಕೊಂಡು ಬಂದಿದ್ದಳು. ದಾವಲಸಾಬ ನಮ್ಮೂರಿನ ರೇಡಿಯೋ ರಿಪೇರಿಯವನು. ಬೆಸುಗೆ ಹಾಕಬೇಕು, ನಲವತ್ತು ಹೆಜ್ಜೆ ಓಡಬೇಕು, ಕೇಳಬೇಕು, ವಾಪಸು ಓಡಿಬಂದು ಮತ್ತೆ ಬೆಸುಗೆ ಹಾಕಬೇಕು. ಅವನಷ್ಟು ನಡೆದ ಮೆಕ್ಯಾನಿಕ್ ಇನ್ನೆಲ್ಲೂ ಇರಲಿಕ್ಕಿಲ್ಲ. ಅರವತ್ತರಲ್ಲೂ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು.

"ಮಾಸ್ತರ್ರ, ನಿಮ್ಮ ಕಂಪ್ಯೂಟರಿನ ಬೆನ್ನ ಒಂಚೂರು ತೋರಸ್ರಿ" ಅಂದಳು ಅಂಬಕ್ಕ.

"ಬೆನ್ನು ಯಾಕ ಬೇಕವಾ ನಿನಗ?"

"ಕೌದಿ ಕೊಡಾಕ ಬಂದಾಗ ನೋಡಿದ್ದೆ. ಐದು ಮ್ಯಾಲ, ನಾಕು ಕೆಳಗ, ಒಂಬತ್ತು ಸಣ್ಣ ಮುಳ್ಳು ಅದಾವ. ಆ ಖೋಲ್ಯಾಗಿನ ಸೆಟ್ಟಿನ ಬೆನ್ನಿಗೂ ಐದು ಮ್ಯಾಲ, ನಾಕು ಕೆಳಗ, ಒಂಬತ್ತು ತೂತು ಅದಾವ. ಸೂಜಿ ಹಿಡಿಯಾಕಿ ನಾ, ನನಗ ತೂತು ಮರಿಯೂದಿಲ್ಲ. ಇದರ ಮುಳ್ಳು ಅದರ ತೂತಿಗೆ ಅಂತ ಮಾಡಿದ್ದೇನ ಮತ್ತ?"

ದಾವಲಸಾಬ ಬಾಗಿ ನೋಡಿದ, ನನ್ನ ಮುಖ ನೋಡಿದ. ನಾನು ಖೋಲಿಯಿಂದ ಸೆಟ್ಟಿನ ಪುಸ್ತಕ ತರಿಸಿದೆ. ಗೆದ್ದಲು ಅರ್ಧ ತಿಂದಿತ್ತು. ಉಳಿದರ್ಧದಲ್ಲಿ, ನಮ್ಮ ಪುಣ್ಯಕ್ಕೆ, ಆ ಒಂಬತ್ತು ತೂತಿನ ವಿಚಾರವೇ ಇತ್ತು. ಆ ತೂತಿಗೆ ಕಂಪ್ಯೂಟರಿನಿಂದ ತಂತಿ ಎಳೆದರೆ, ಸೆಟ್ಟನ್ನು ಮುಟ್ಟದೆಯೇ ಅದನ್ನು ಆಡಿಸಬಹುದಂತೆ. ಇಷ್ಟನೇ ತರಂಗಕ್ಕೆ ಹೋಗು ಎಂದು ಟೈಪು ಮಾಡಿದರೆ ಹೋಗುತ್ತದೆ. ಎಲ್ಲಿದ್ದೀಯಾ ಎಂದು ಕೇಳಿದರೆ ಹೇಳುತ್ತದೆ. ಅಷ್ಟೇ ಅಲ್ಲ, ನಾವು ಟೈಪು ಮಾಡಿದ ಅಕ್ಷರಗಳನ್ನು ತಾರಿನ ಉದ್ದ-ಗಿಡ್ಡ ಸದ್ದು ಮಾಡಿ ತಾನೇ ಗಾಳಿಗೆ ಬಿಡುತ್ತದೆ. ಮೈಕು ಬೇಡ, ಬಾಯಿ ಬೇಡ, ಮನುಷ್ಯನೇ ಹತ್ತಿರ ಬೇಡ. ಈ ಸಾಲನ್ನು ನಾನು ಮೂರು ಸಲ ಓದಿದೆ. ಎಪ್ಪತ್ತು ವರ್ಷದಿಂದ ಬರೀ ಕೇಳುತ್ತ ಬಂದ ಊರಿಗೆ ಮಾತಾಡುವ ದಾರಿ, ಬೀಗ ಹಾಕಿದ ಖೋಲಿಯಲ್ಲಿ, ಗೆದ್ದಲ ಬಾಯಿಂದ ಒಂದು ಬೆರಳು ದೂರದಲ್ಲಿ ಉಳಿದಿತ್ತು.

"ಲೈಸೆನ್ಸು ಅಂತ ಬೇಕಾಗತೈತಿ ಇದಕ್ಕ" ಅಂದೆ, ಏನಾದರೂ ಒಂದು ಅಡ್ಡಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

"ನಕಾಶದಾಗ ಇಲ್ಲದ ಊರಿಗೆ ಲೈಸೆನ್ಸ್ ಯಾರ ಕೊಡ್ತಾರ ಮಾಸ್ತರ್ರ?" ಅಂದ ದಾವಲಸಾಬ, ಆಗಲೇ ತಂತಿ ಹುಡುಕಲು ಎದ್ದಿದ್ದ. "ಸರಕಾರದವರು ಸಿಟ್ಟಾದ್ರ ಬರಲಿ. ಬರೂದಕ್ಕರ ನಮ್ಮೂರು ಅವರಿಗೆ ಸಿಗಬೇಕಲ್ಲ."

ಒಂಬತ್ತು ತೂತಿದ್ದರೂ ಬೇಕಾದದ್ದು ಮೂರೇ ತಂತಿ. ಒಂದು ಹೇಳುವುದಕ್ಕೆ, ಒಂದು ಕೇಳುವುದಕ್ಕೆ, ಇನ್ನೊಂದು ಎರಡಕ್ಕೂ ನೆಲ. ಹಳೆಯ ಟೆಲಿಫೋನ್ ತಂತಿಯನ್ನು ಹೆಣೆದು ದಾವಲಸಾಬ ಐವತ್ತು ಹೆಜ್ಜೆಯ ಕೇಬಲ್ಲು ಮಾಡಿದ. ಗೆರೆಯಿಂದಾಚೆ ಬೇವಿನ ಮರದ ಕೆಳಗೆ ಮೇಜು ಹಾಕಿ, ಹಿಟ್ಟಿನ ಗಿರಣಿಯಿಂದ ಕರೆಂಟು ಎಳೆದು, ನನ್ನ ಕಂಪ್ಯೂಟರನ್ನು ನಾಲ್ಕು ಜನ ಹೊತ್ತು ತಂದು ಇಟ್ಟರು. ಇಷ್ಟಾಗುವುದರಲ್ಲಿ ಮಂಗಳವಾರ ಬಂತು. ನಾನು ಟೈಪು ಮಾಡಿದೆ. ಸೆಟ್ಟು ತುಟಿಪಿಟಕ್ಕೆನ್ನಲಿಲ್ಲ. ಕತ್ತಲಾಗುವವರೆಗೂ ಬಡಿದುಕೊಂಡೆ. ರಾತ್ರಿ ಪುಸ್ತಕ ನೋಡಿದರೆ, ಮಾಡಿದ ತಪ್ಪು ಎಂಥದೆಂದು ತಿಳಿದು ನಗು ಬಂತು. ಹೇಳುವ ತಂತಿಯನ್ನು ಹೇಳುವ ತಂತಿಗೇ, ಕೇಳುವುದನ್ನು ಕೇಳುವುದಕ್ಕೇ ಕೂಡಿಸಿದ್ದೆವು. ಕಂಪ್ಯೂಟರಿನ ಬಾಯಿ ಸೆಟ್ಟಿನ ಕಿವಿಗೆ ಬರಬೇಕು, ಸೆಟ್ಟಿನ ಬಾಯಿ ಕಂಪ್ಯೂಟರಿನ ಕಿವಿಗೆ. ನಾವು ಬಾಯಿಗೆ ಬಾಯಿ ಕಟ್ಟಿ, ಇವು ಯಾಕೆ ಮಾತಾಡುತ್ತಿಲ್ಲ ಎಂದು ಕೂತಿದ್ದೆವು.

ಬುಧವಾರ ಮಧ್ಯಾಹ್ನ ದಾವಲಸಾಬ ಖೋಲಿಗೆ ಹೋಗಿ ತಂತಿ ಅದಲುಬದಲು ಮಾಡಿ ಓಡಿಬಂದ. ನಾನು ಸೆಟ್ಟಿಗೆ ನೀನು ಯಾರು ಎಂದು ಕೇಳುವ ಎರಡು ಅಕ್ಷರ ಹೊಡೆದು, ಕೊನೆಗೊಂದು ಸೆಮಿಕೋಲನ್ ಇಟ್ಟೆ; ಮಾತು ಮುಗಿಯಿತು ಎನ್ನುವುದಕ್ಕೆ ಅದೇ ಗುರುತು. ಕಪ್ಪು ತೆರೆಯ ಮೇಲೆ ಅರ್ಥವಿಲ್ಲದ ಗೀಚು ಬಂತು. ಎರಡೂ ಒಂದೇ ವೇಗದಲ್ಲಿ ಮಾತಾಡಬೇಕು ಎಂದು ಪುಸ್ತಕ ಹೇಳಿತ್ತು. ಕಂಪ್ಯೂಟರಿನ ವೇಗ ಇಳಿಸಿ ಮತ್ತೆ ಕೇಳಿದೆ. ಆಗ, ಐವತ್ತು ಹೆಜ್ಜೆ ಆಚೆಯಿಂದ, ಬಾಗಿಲು ಹಾಕಿದ ಖೋಲಿಯಿಂದ, ಉತ್ತರ ಬಂತು. ನನ್ನ ಎರಡು ಅಕ್ಷರ, ಮುಂದೆ ಮೂರು ಅಂಕೆ, ಕೊನೆಗೆ ನನ್ನದೇ ಹಾಗೆ ಒಂದು ಸೆಮಿಕೋಲನ್. ಸೆಟ್ಟು ತನ್ನ ನಂಬರು ಹೇಳಿತ್ತು. ಈ ಊರಲ್ಲಿ ಒಬ್ಬ ಮನುಷ್ಯ ಕೇಳಿದ್ದಕ್ಕೆ ರೇಡಿಯೋ ಉತ್ತರ ಕೊಟ್ಟದ್ದು ಅದೇ ಮೊದಲು. ದಾವಲಸಾಬ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಅಂಬಕ್ಕ ಕಂಪ್ಯೂಟರಿಗೆ ದೂರದಿಂದಲೇ ಕೈ ಮುಗಿದಳು. ಮುಟ್ಟಿ ನೋಡು ಅಂದರೆ, "ಬ್ಯಾಡ್ರಿ, ನನ್ನ ಕೈಗೆ ಅದು ಮುನಿಸಿಕೊಂಡೀತು" ಅಂದು ಹಿಂದೆ ಸರಿದಳು.

ಸಂಜೆ ಐದಾಯಿತು. ಲೌಡ್‌ಸ್ಪೀಕರಿನಿಂದ ಬಂದದ್ದು ಬರೀ ಸುಯ್ ಎನ್ನುವ ಸದ್ದು. ಐದೂ ಹತ್ತಾಯಿತು, ಅದೇ ಸದ್ದು. ದಾವಲಸಾಬ ನಿಂತಲ್ಲೇ ಕುಕ್ಕರಿಸಿದ. "ತಂತಿ ಹಿಂದಿನಿಂದ ಸಿಗಿಸುವಾಗ ನನ್ನ ಮೊಣಕೈ ಗುಂಡಿಗೆ ತಾಕಿತ್ತವಾ. ಏನೂ ಆಗಿರಲಿಕ್ಕಿಲ್ಲ ಅನ್ಕೊಂಡೆ." ಹನ್ನೊಂದು ವರ್ಷ ಬೀಗ ಹಾಕಿ ಕಾಯ್ದ ಗುಂಡಿ. ಅದರ ಅಂಕೆ ಏನಿತ್ತೆಂದು ಒಬ್ಬರೂ ಬರೆದಿಟ್ಟಿರಲಿಲ್ಲ. ಮುಟ್ಟಬಾರದೆಂಬ ಭಯದಲ್ಲಿ ನೋಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಆ ಸಂಜೆ ಗೆರೆಯ ಮೇಲಿದ್ದವರು ದಾವಲಸಾಬನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅಂಬಕ್ಕ ಅವನ ಹತ್ತಿರ ಹೋಗಿ, "ಏಳಣ್ಣ. ಹನ್ನೊಂದು ವರ್ಷದ ಕೆಳಗ ಆಡಿಗೆ ಸಿಕ್ಕಂವ ನಮಗ ಸಿಗೂದಿಲ್ಲೇನು?" ಅಂದಳು.

ಕೈಯಿಂದ ಹುಡುಕುವುದು ಆಗದ ಮಾತು. ಗುಂಡಿ ಒಂದಿಷ್ಟು ತಿರುಗಿಸಿ, ನಲವತ್ತು ಹೆಜ್ಜೆ ಓಡಿಬಂದು ಕೇಳಿ, ಇಲ್ಲವೆಂದು ಮತ್ತೆ ಓಡಿದರೆ, ಕಾಲು ಗಂಟೆಯಲ್ಲಿ ಹದಿನೈದು ಜಾಗ ನೋಡಿದರೆ ಹೆಚ್ಚು. ತಂತಿಗೆ ಆ ಓಡಾಟವಿಲ್ಲ. ಗುರುವಾರ ನಾನು ನಾಲ್ಕೂವರೆಗೇ ಮೇಜಿನ ಮುಂದೆ ಕೂತು ಬೆರಳು ನೀವಿಕೊಂಡೆ. ಸೆಟ್ಟನ್ನು ಎಲ್ಲಿದ್ದೀಯಾ ಎಂದು ಕೇಳಿ, ಅದು ಹೇಳಿದ ಹನ್ನೊಂದು ಅಂಕೆಗಳನ್ನು ಕಾಗದಕ್ಕೆ ಇಳಿಸಿಕೊಂಡೆ. ಸರಿಯಾಗಿ ಐದಕ್ಕೆ ಶುರು ಮಾಡಿದೆ. ಒಂದು ಮೆಟ್ಟಿಲು ಮೇಲೆ, ಹನ್ನೊಂದು ಅಂಕೆ, ಸೆಮಿಕೋಲನ್, ಕೇಳು. ಒಂದು ಮೆಟ್ಟಿಲು ಕೆಳಗೆ, ಹನ್ನೊಂದು ಅಂಕೆ, ಸೆಮಿಕೋಲನ್, ಕೇಳು. ನಾನು ಹೊಡೆದ ಕೂಡಲೇ ದೂರದ ಲೌಡ್‌ಸ್ಪೀಕರಿನ ಸುಯ್ ಸದ್ದು ಬಣ್ಣ ಬದಲಿಸುತ್ತಿತ್ತು. ನನ್ನ ಬೆರಳ ತುದಿಯಲ್ಲಿ ಆಕಾಶ ಸರಿಯುತ್ತಿದೆ ಅನ್ನಿಸಿತು. ಯಾರದೋ ನಗು ಸುಳಿಯಿತು, ಯಾವುದೋ ಭಾಷೆಯ ಪ್ರಾರ್ಥನೆ ಸುಳಿಯಿತು, ಎಲ್ಲೋ ಇಬ್ಬರು ಹಡಗಿನವರು ಜಗಳವಾಡುತ್ತಿದ್ದರು. ಇಷ್ಟೆಲ್ಲ ಜನ ನಮ್ಮ ತಲೆಯ ಮೇಲೆ ದಿನವೂ ಹಾದು ಹೋಗುತ್ತಿದ್ದರೇ ಎಂದು ಗೆರೆಯ ಮೇಲಿದ್ದವರು ಬಾಯಿ ತೆರೆದು ಕೂತರು. ಐದು ನಿಮಿಷ ಹೋಯಿತು, ಹತ್ತು ಹೋಯಿತು. ನಿಮಿಷಕ್ಕೆ ಎಪ್ಪತ್ತು ಶಬ್ದದ ಜಂಬ ಎಲ್ಲ ಇಳಿದು, ಬೆನ್ನ ಮೇಲೆ ಬೆವರು ಇಳಿಯತೊಡಗಿತು.

ಹದಿಮೂರನೆಯ ನಿಮಿಷಕ್ಕೆ ಲೌಡ್‌ಸ್ಪೀಕರಿನಲ್ಲಿ ಬಾತುಕೋಳಿಯೊಂದು ಕೂಗಿತು. "ಅದ, ಅದ" ಅಂದ ದಾವಲಸಾಬ ನನ್ನ ಭುಜ ಹಿಡಿದು. "ತರಂಗ ಒಂದೆಳಿ ಆಚೀಚೆ ಆದ್ರ ಮನಷ್ಯಾನ ದನಿ ಹಿಂಗ ಕೇಳತೈತಿ. ಸಣ್ಣ ಸಣ್ಣ ಹೆಜ್ಜಿ ಹಾಕ್ರಿ." ಕೊನೆಯ ಅಂಕೆಗಳನ್ನು ಮಾತ್ರ ಬದಲಿಸುತ್ತ ಹೋದೆ. ಬಾತುಕೋಳಿ ಇಳಿಯಿತು, ಚಿಕ್ಕ ಹುಡುಗಿಯಾಯಿತು, ಇನ್ನೂ ಇಳಿದು ಮನುಷ್ಯನಾಯಿತು, ಕೊನೆಗೆ ಸುಬ್ರಾಯ ತಾಂಡೇಲನಾಯಿತು. "... ನಾಳೆ ಒಂದು ದಿನ. ಬಂಗುಡೆ ಈಗಲೇ ಕಂಬದ ಬುಡದಲ್ಲಿ ಕೂತದೆ, ಅದಕ್ಕೂ ಗೊತ್ತುಂಟು." ಅಂಬಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ದಾವಲಸಾಬ ಸುಣ್ಣದ ಉಂಡೆ ಹಿಡಿದು, ಗಿರಣಿಯ ಗೋಡೆಯ ತುಂಬ ಆ ಹನ್ನೊಂದು ಅಂಕೆಗಳನ್ನು ಆಳೆತ್ತರ ಬರೆದ. ಇವತ್ತಿಗೂ ಅಲ್ಲಿವೆ.

ಶುಕ್ರವಾರ ಮೂರು ಗಂಟೆಗೇ ಊರೆಲ್ಲ ಗೆರೆಯ ಮೇಲಿತ್ತು. ಗಿರಣಿ ನಿಂತಿತ್ತು. ಓಣಿಗಳಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅಂಬಕ್ಕ ತನ್ನ ಜಾಗ ಬಿಟ್ಟು ನನ್ನ ಮೇಜಿನ ಪಕ್ಕ ಬಂದು ನಿಂತಿದ್ದಳು. ಐದಕ್ಕೆ ಸರಿಯಾಗಿ ಧ್ವನಿ ಬಂತು.

"ನಾನು ಸುಬ್ರಾಯ ತಾಂಡೇಲ. ಇದು ಕಡೆಯ ಸಲ. ಯಾರಾದರೂ ಇದ್ದೀರಾ? ಇದ್ದರೆ ಓಗೊಡಿ."

ಅವನು ಕಾಯತೊಡಗಿದ. ಹನ್ನೊಂದು ವರ್ಷ ನಮ್ಮ ಕಣ್ಣೆದುರು ಖಾಲಿಯೇ ಉಳಿದಿದ್ದ ಜಾಗ ಅದು. ಮಾತು ಬಿಟ್ಟು ತಾರಿನ ಸದ್ದಿಗೆ ಬದಲಾಗು ಎಂದು ಸೆಟ್ಟಿಗೆ ಹೇಳಿ, "ಏನಂತ ಹೊಡೀಲಿ?" ಎಂದು ಅಂಬಕ್ಕನ ಕಡೆ ತಿರುಗಿದೆ.

"ಮೊದಲ ಓ ಅನ್ರಿ" ಅಂದಳು. "ಕರದಾನಲ್ಲ."

ಇಂಗ್ಲಿಷಿನ ಓ, ಒಂದೇ ಅಕ್ಷರ ಹೊಡೆದೆ; ತಾರಿನ ಭಾಷೆಯಲ್ಲಿ ಅದು ಮೂರು ಉದ್ದ ಸದ್ದು. ಬಂಡೆಯ ಮೇಲೆ ಮೂರು ಉದ್ದನೆಯ ನಾದ ಎದ್ದಿತು. ಕೊಳಲಿನ ಹಾಗೆ ತೆಳ್ಳಗೆ, ನೆಟ್ಟಗೆ, ಒಂದರ ಹಿಂದೊಂದು. ನಮ್ಮೂರು ಮೊದಲ ಬಾರಿಗೆ ಮಾತಾಡಿದ ಸದ್ದು ಅದು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಗಟ್ಟಿಯಾಗಿ ಅತ್ತುಬಿಟ್ಟರು. ಸೆಟ್ಟನ್ನು ಮತ್ತೆ ಮಾತಿಗೆ ತಿರುಗಿಸಿದೆ.

"ಎಂಥದು ಅದು?" ಅಂದ ಸುಬ್ರಾಯ, ಬಹಳ ಮೆಲ್ಲಗೆ. "ಮತ್ತೊಮ್ಮೆ ಹೇಳಿ. ತಾರು ನನಗೆ ಬರ್ತದೆ. ಮತ್ತೊಮ್ಮೆ ಹೇಳಿ."

ಇಂಗ್ಲಿಷಿನ ಅಕ್ಷರಗಳಲ್ಲಿ ಕನ್ನಡ ಹೊಡೆದೆ. ಓ. ನಾವು ಇದ್ದೇವೆ. ಹನ್ನೊಂದು ವರ್ಷದಿಂದ ಕೇಳುತ್ತಿದ್ದೇವೆ. ದಿನಾ ಕೇಳುತ್ತಿದ್ದೇವೆ. ಒಂದೊಂದೇ ಅಕ್ಷರ ಉದ್ದ-ಗಿಡ್ಡ ನಾದವಾಗಿ ಬಂಡೆಯ ಮೇಲಿಂದ ಏರಿ ಹೋಗುವುದನ್ನು ಊರೆಲ್ಲ ಕತ್ತೆತ್ತಿ ಕೇಳಿತು. ಮುಗಿದ ಮೇಲೆ ಸೆಟ್ಟನ್ನು ಮತ್ತೆ ಮಾತಿಗೆ ತಿರುಗಿಸಿದೆ. ಆಮೇಲೆ ಅವನು, "ನೀವು..." ಎಂದು ಶುರು ಮಾಡಿದ.

ಆಗ ಆದದ್ದನ್ನು ಹೇಳಿದರೆ ಬೇರೆ ಊರಿನವರಿಗೆ ಅರ್ಥವಾಗಲಿಕ್ಕಿಲ್ಲ. ಹುಟ್ಟಿದ ಮಗುವಿಗೆ ನಡೆಯುವುದಕ್ಕಿಂತ ಮೊದಲು ಹಿಂದೆ ಸರಿಯುವುದನ್ನು ಕಲಿಸುವ ಊರು ನಮ್ಮದು. ರೇಡಿಯೋ ದನಿ ಕೇಳಿದರೆ ಕಾಲು ತಾನಾಗಿ ಹಿಂದೆ ಹೋಗುತ್ತದೆ. ಆ ನಾವೆಲ್ಲ, ಇನ್ನೂರ ಆರು ಜನ, ಅವನು "ನೀವು" ಎಂದ ಕೂಡಲೇ, ನಮ್ಮನ್ನೇ ಕೈ ಹಿಡಿದು ಕರೆದನೆಂಬಂತೆ ಗೆರೆ ದಾಟಿ ಒಂದು ಹೆಜ್ಜೆ ಮುಂದೆ ಹೋದೆವು. ನಾನೂ ಕುರ್ಚಿಯಿಂದ ಎದ್ದು ಓಡಿದ್ದೆ. ಸೆಟ್ಟು ಅಲ್ಲಿಗೇ ಬಾಯಿ ಮುಚ್ಚಿತು.

"ಹಿಂದಕ್ಕ" ಎಂದು ಕೂಗಿದವಳು ಅಂಬಕ್ಕ. ಅವಳ ಧ್ವನಿ ಅಷ್ಟು ದೊಡ್ಡದಿದೆಯೆಂದು ನಮಗೆ ಗೊತ್ತಿರಲಿಲ್ಲ. ಎಲ್ಲರೂ ತಡವರಿಸಿ ಗೆರೆಯಾಚೆ ಬಂದೆವು. ಸೆಟ್ಟು ಮತ್ತೆ ಉಸಿರಾಡಿತು, ಆದರೆ ಅವನ ಮಾತು ಮುಗಿದುಹೋಗಿತ್ತು. ಅವನು ಉತ್ತರಕ್ಕೆ ಕಾಯುತ್ತಿದ್ದ, ಏನು ಕೇಳಿದನೆಂದು ನಮಗೆ ತಿಳಿಯದು. ಸುಮ್ಮನಿದ್ದರೆ ಹೊರಟೇಬಿಟ್ಟಾನು. ನಾನು ಎದ್ದುಬಿದ್ದು ಹೊಡೆದೆ: ತಪ್ಪಾಯಿತು. ಖುಷಿಗೆ ಹತ್ತಿರ ಬಂದುಬಿಟ್ಟೆವು. ಮತ್ತೆ ಹೇಳಿ. ಆ ಎರಡನೆಯ ವಾಕ್ಯ ಅವನಿಗೆ ಏನೆಂದು ಅರ್ಥವಾಯಿತೋ, ಅಲ್ಲಿಂದ ಒಂದು ನಗು ಬಂತು. ಹನ್ನೊಂದು ವರ್ಷದಲ್ಲಿ ಅವನ ನಗು ಕೇಳಿದ್ದು ಅದೇ ಮೊದಲು.

"ನೀವು ಎಷ್ಟು ಜನ ಇದ್ದೀರಿ ಅಂತ ಕೇಳಿದೆ" ಅಂದ.

ಇನ್ನೂರ ಆರು ಎಂದು ಹೊಡೆದೆ. ಅವನು ಹೇಳಿದ: "ನಾನು ಒಬ್ಬನೇ ಅಂತ ಮಾಡಿದ್ದೆ. ಕಂಬ ಇಳಿಸುದಿಲ್ಲ. ನನ್ನ ಹತ್ರ ಪುಸ್ತಕ ಉಂಟು, ಪೆನ್ಸಿಲ್ ಉಂಟು. ಹೆಸರು ಹೇಳಿ. ಎಲ್ಲರದ್ದೂ."

ಹೆಸರು ಹೇಳಲು ಗೆರೆಯ ಮೇಲೆ ಸಾಲು ಹಚ್ಚಿದರು. ಅಂಬಕ್ಕನದೇ ಮೊದಲು ಹೊಡೆಯುತ್ತೇನೆ ಅಂದರೆ ಅವಳು ಒಪ್ಪಲಿಲ್ಲ. "ಮಂದಿ ಉಂಡ ಮ್ಯಾಲ ಮನ್ಯಾಕಿ ಉಣ್ಣಬೇಕ್ರಿ. ನಂದು ಕಡೀಕ ಇರಲಿ" ಅಂದಳು. ನಾನು ಹೊಡೆಯುತ್ತ ಹೋದೆ, ಸೆಟ್ಟು ನಾದ ಮಾಡುತ್ತ ಹೋಯಿತು, ಹತ್ತು ಹೆಸರಿಗೊಮ್ಮೆ ನಿಲ್ಲಿಸಿದರೆ ಅವನು ಬರೆದುಕೊಂಡದ್ದನ್ನು ಒಂದೊಂದಾಗಿ ಓದಿ ಹೇಳುತ್ತಿದ್ದ. ಗುರುಸಿದ್ದವ್ವ. ತಿಪ್ಪಣ್ಣ. ಖಾಜಾಬಿ. ಎಪ್ಪತ್ತು ವರ್ಷ ಯಾರು ಯಾರದೋ ಹೆಸರು ಹೇಳಿದ ರೇಡಿಯೋದಿಂದ ನಮ್ಮ ಹೆಸರು ಬರುವುದೆಂದರೆ ಏನೆಂದು ಹೇಳಲಿ. ಹೆಸರು ಬಂದವರು ಶಾಲೆಯ ಹಾಜರಿಗೆ ಎದ್ದವರ ಹಾಗೆ ನೆಟ್ಟಗೆ ನಿಂತು "ಓ" ಎನ್ನುತ್ತಿದ್ದರು, ಅವನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ. ದಾವಲಸಾಬ ತನ್ನ ಸರದಿಗೆ ಟೊಪ್ಪಿಗೆ ಸರಿಮಾಡಿಕೊಂಡ. "ಚನ್ನವೀರ" ಎಂದು ಆ ಬಂಡೆಯ ಮೇಲಿಂದ ಧ್ವನಿ ಬಂದಾಗ, ನನ್ನವ್ವ ಹೋದ ಮೇಲೆ ಮೊದಲ ಬಾರಿ ಆ ಹೆಸರಿಗೆ ಓ ಅಂದೆ. ಕಣ್ಣು ಒದ್ದೆಯಾಗಿ ಮುಂದಿನ ಎರಡು ಹೆಸರು ತಪ್ಪು ಹೊಡೆದೆ. ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ಅಂಥದ್ದು ಆಗಿರಲಿಲ್ಲ.

ಹೊತ್ತು ಮುಳುಗಿ, ಮೇಜಿನ ಮೇಲೆ ಯಾರೋ ಕಂದೀಲು ತಂದಿಟ್ಟರು. ಇನ್ನೂರ ಆರನೆಯ ಹೆಸರು ಹೊಡೆದು ಕೈ ತೆಗೆದೆ.

"ಅಂಬಕ್ಕ" ಎಂದು ಓದಿದ ಸುಬ್ರಾಯ.

ಅವಳು ಬಾಯಿ ತೆರೆದಳು, ಏನೂ ಬರಲಿಲ್ಲ. ಹನ್ನೊಂದು ವರ್ಷ ದಿನವೂ ಕೂಗಿದ ಒಂದಕ್ಷರ ಆ ಹೊತ್ತಿಗೆ ಗಂಟಲಲ್ಲಿ ನಿಂತುಬಿಟ್ಟಿತು. ನಾನು ಕುರ್ಚಿ ಬಿಟ್ಟು ಎದ್ದೆ. "ಇಲ್ಲಿ ಬಾರವಾ. ಬಾಯಿ ಬ್ಯಾಡ ಇದಕ್ಕ" ಎಂದು ಓ ಅಕ್ಷರದ ಕೀಲಿ ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳನ್ನು ಆ ಕೀಲಿಯ ಮೇಲಿಟ್ಟು ಮೆಲ್ಲಗೆ ಒತ್ತಿದಳು. ಸೆಮಿಕೋಲನ್ ನಾನು ಹಾಕಿದೆ. ಕತ್ತಲಲ್ಲಿ ಬಂಡೆಯ ಮೇಲಿಂದ ಮೂರು ಉದ್ದನೆಯ ನಾದ ಎದ್ದು ಹೋಯಿತು.

"ಕೇಳಿತು, ಅಂಬಕ್ಕ" ಅಂದಿತು ಧ್ವನಿ. "ನಾಳೆ ಐದಕ್ಕೆ ಬರ್ತೇನೆ."

ನಮ್ಮಲ್ಲಿ ಯಾರೂ ಈ ಸಲ ಒಂದು ಹೆಜ್ಜೆಯೂ ಮುಂದಿಡಲಿಲ್ಲ.